ಸೊಟ್ಟಪ್ಪ ಜೋತುಬಿದ್ದ ಕಪಾಟು

"ಅಮ್ಮಾ, ಸೊಟ್ಟಪ್ಪ ತಾತ ಕಪಾಟಿಗೆ ಯಾಕೆ ಜೋತು ಬೀಳ್ತಾರೆ? ನಾವು ಗೇಟಿಗೆ ಜೋತು ಬಿದ್ರೆ ಮಾತ್ರ ಬೈತೀರ."

ಶಾಲೆಯಿಂದ ಮನೆಗೆ ಬರುವ ದಾರಿಯಲ್ಲಿ ಮಗಳು ಕೇಳಿದಳು. ಅವಳ ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು. ಶಾಲೆಯಲ್ಲಿನ ಅದೇ ಕಪಾಟಿನ ಗಾಜಿನ ಬಾಗಿಲು ತಾನಾಗಿ ಮುಚ್ಚಿಕೊಂಡು ಬೆರಳು ಜಜ್ಜಿತ್ತು. ಅಳು ಮುಗಿದಿತ್ತು, ಪ್ರಶ್ನೆ ಮುಗಿದಿರಲಿಲ್ಲ.

"ಗಟ್ಟಿ ಇದೆಯಾ ಅಂತ ನೋಡೋಕೆ, ಪುಟ್ಟಿ."

"ಗಟ್ಟಿ ಇಲ್ದಿದ್ರೆ?"

ಅವಳ ಚೀಲವನ್ನು ನನ್ನ ಹೆಗಲಿಗೆ ಹಾಕಿಕೊಂಡು ಬೇಗ ಬೇಗ ನಡೆದೆ.

ಸೊಟ್ಟಪ್ಪ ನಮ್ಮ ಬೀದಿಯ ಬಡಗಿ. ಅವರ ಬೆನ್ನು ನೆಟ್ಟಗೇ ಇದೆ; ಸೊಟ್ಟ ಇರುವುದು ಅವರು ಮಾಡಿದ ಸಾಮಾನು. ಮೇಜು, ಮಂಚ ಸರಿಯಾಗಿಯೇ ಇರುತ್ತವೆ. ಆದರೆ ಗೋಡೆ ಪಕ್ಕ ನಿಲ್ಲುವಂಥದ್ದು ಏನೇ ಇರಲಿ, ಮುಂದಿನ ಕಾಲುಗಳ ಕೆಳಗೆ ಮರದ ಬೆಣೆ ತುರುಕಿ ಒಂದಿಷ್ಟು ಹಿಂದಕ್ಕೆ ವಾಲಿಸಿಯೇ ನಿಲ್ಲಿಸುತ್ತಾರೆ. ನನ್ನ ತವರಿನ ಅಡುಗೆಮನೆಯಲ್ಲಿ ಅಂಥದ್ದೊಂದು ಕಪಾಟಿದೆ. ಡಬ್ಬಿಗಳೆಲ್ಲ ಹಿಂದಕ್ಕೆ ಜಾರಿಹೋಗಿ, ಕುಳ್ಳಗಿರುವ ನಮ್ಮಮ್ಮ ಉಪ್ಪು ಬೇಕೆಂದರೂ ಸ್ಟೂಲು ಹತ್ತಬೇಕು. "ನಾನಿಲ್ಲಿ ಬೇಯ್ತಾ ಇದ್ರೆ ಇದು ಗೋಡೆಗೊರಗಿ ನಿದ್ದೆ ಹೊಡೀತಿದೆ" ಎಂದು ಬೈಯುತ್ತಿದ್ದಳು. ಜನ ನಗುನಗುತ್ತಲೇ ಬೇರೆ ಬಡಗಿಗಳನ್ನು ಹಿಡಿದರು. ಇವರ ಪಾಲಿಗೆ ಉಳಿದದ್ದು ಮುರಿದ ಕುರ್ಚಿ, ಕಿತ್ತುಬಂದ ಬಾಗಿಲು.

ಹಾಗಿರುವಾಗ ಶಾಲೆಯ ಹಳೇ ಲೈಬ್ರರಿಯ ಕೆಲಸ ಬಂತು. ಕಟ್ಟಿ ನೂರು ವರ್ಷ ದಾಟಿದ ಕೋಣೆ. ನಾನು ಕಂಡಾಗಿನಿಂದ ಅದಕ್ಕೆ ಬೀಗವೇ. ಚಿಕ್ಕ ಮಕ್ಕಳಿಗಾಗಿ ಅದನ್ನು ಮತ್ತೆ ತೆರೆಯಬೇಕೆಂದು ಹೊಸದಾಗಿ ಬಂದ ದೊಡ್ಡ ಟೀಚರ್ ಹಟ ಹಿಡಿದರು. ಸೂರು ಮುಟ್ಟುವ ಕಪಾಟುಗಳ ಮೇಲಿನ ಅರ್ಧ ಕುಯ್ದು ತೆಗೆಯಬೇಕು. ಕೆಳಗಿನ ಅರ್ಧದ ಗಾಜಿನ ಬಾಗಿಲುಗಳು ಉಳಿಯಬೇಕು. ಗೋಡೆಗೆ ಮಾತ್ರ ಒಂದು ಮೊಳೆಯನ್ನೂ ಹೊಡೆಯಕೂಡದು. ಹಳೇ ಗಾರೆ, ಮುಟ್ಟಬಾರದೆಂದು ಮೇಲಿನವರ ಅಪ್ಪಣೆ. ಪುಸ್ತಕ ಒರೆಸಿ, ಗೆದ್ದಲು ಹಿಡಿದದ್ದನ್ನು ಬೇರೆ ಮಾಡಲು ನಾವೊಂದಿಷ್ಟು ತಾಯಂದಿರು ಹೋಗುತ್ತಿದ್ದೆವು. ಶಾಲೆ ಬಿಟ್ಟ ಮೇಲೆ ಮಗಳೂ ನನ್ನನ್ನು ಹುಡುಕಿಕೊಂಡು ಅಲ್ಲಿಗೇ ಬರುತ್ತಿದ್ದಳು.

ಒಂದೊಂದು ಕಪಾಟು ನಿಲ್ಲಿಸಿದಾಗಲೂ ಸೊಟ್ಟಪ್ಪ ಅದರ ಮೇಲಂಚು ಹಿಡಿದು, ಮೊಣಕಾಲು ಮಡಿಸಿ, ಮೈಭಾರವನ್ನೆಲ್ಲ ಬಿಟ್ಟು ತೂಗಾಡುತ್ತಿದ್ದರು. ಬಣ್ಣ ಬಳಿಯುವವನು ಏಣಿಯ ಮೇಲಿಂದ ಕಿಚಾಯಿಸುತ್ತಿದ್ದ.

"ಏನ್ ತಾತಾ, ಸರ್ಕಸ್ಸಿಗೆ ಸೇರ್ತೀರಾ?"

"ಹೂಂ ಕಣೋ. ನೀನೂ ಬಾ, ಕೋತಿ ಬೇಕಂತೆ."

ಮಗಳ ಬೆರಳು ಜಜ್ಜಿದ ಮರುದಿನ ದೊಡ್ಡ ಟೀಚರ್ ದಾರಕ್ಕೆ ಕಟ್ಟಿದ ಗುಂಡು ಹಿಡಿದುಕೊಂಡು ಬಂದರು. ಕಪಾಟಿನ ಪಕ್ಕ ಇಳಿಬಿಟ್ಟು ನೋಡಿದರು. ದಾರ ಒಂದು ಕಡೆ, ಕಪಾಟು ಒಂದು ಕಡೆ.

"ಹಿಂದಕ್ಕೆ ವಾಲಿರೋದಕ್ಕೇ ಬಾಗಿಲು ತಾನಾಗಿ ಬಂದು ಬಡೀತಿದೆ. ಬೆಣೆ ತೆಗೆದು ನೆಟ್ಟಗೆ ಮಾಡಿ."

"ಬಾಗಿಲು ಕಿತ್ತು ಹಾಕ್ತೀನಿ ಮೇಡಂ. ಬೆಣೆ ತೆಗೆಯಲ್ಲ."

"ಆ ಗಾಜು ಈಗ ಎಲ್ಲಿ ಸಿಗುತ್ತೆ? ಬಾಗಿಲಿಲ್ಲದೆ ಈ ಕೋಣೆಗೆ ಏನು ಉಳೀತು?"

"ಹಾಗಾದ್ರೆ ಕಪಾಟು ಬಿಗಿಯೋಕೆ ಗೋಡೆಗೆ ಪಟ್ಟಿ ಹೊಡೆಯೋಕೆ ಬಿಡಿ."

"ಅದು ನನ್ನ ಕೈಲಿಲ್ಲ ಅಂತ ಎಷ್ಟು ಸಲ ಹೇಳೋದು?"

"ಬೆಣೆ ನನ್ನ ಕೈಲಿದೆ. ತೆಗೆಯಲ್ಲ."

ದೊಡ್ಡ ಟೀಚರ್ ದನಿ ಏರಿಸಲಿಲ್ಲ. ಸೋಮವಾರ ಫರ್ನಿಚರ್ ಅಂಗಡಿಯಿಂದ ಬೇರೆಯವರು ಬರುತ್ತಾರೆ, ನೀವು ಸಾಮಾನು ತೆಗೆದುಕೊಂಡು ಹೋಗಬಹುದು ಎಂದಷ್ಟೇ ಹೇಳಿ ಹೊರಟರು. ಬಣ್ಣದವನೂ ನಗಲಿಲ್ಲ.

ನಾನು ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟೆ. ಸೊಟ್ಟಪ್ಪ ಮೆಟ್ಟಿಲ ಮೇಲೆ ಕೂತು ಉಳಿಗಳನ್ನು ಒಂದೊಂದಾಗಿ ಬಟ್ಟೆಗೆ ಸುತ್ತುತ್ತಿದ್ದರು.

"ತಾತ, ಸ್ವಲ್ಪ ನೆಟ್ಟಗೆ ಮಾಡಿಕೊಟ್ಟಿದ್ರೆ ಏನಾಗ್ತಿತ್ತು?"

"ಒಂದ್ಸಲ ಮಾಡಿಕೊಟ್ಟಿದ್ದೆ ತಾಯಿ."

ಆ ಕೋಣೆಯಲ್ಲಿ ಹಿಂದೆಂದೋ ಒಂದು ಮಗು ತೀರಿಹೋಯಿತಂತೆ ಎಂದು ಕೇಳಿದ್ದೆ. ಯಾರ ಮಗು ಎಂದು ಯಾರೂ ಹೇಳಿರಲಿಲ್ಲ. ಅವರೇ ಹೇಳಿದರು, ಉಳಿ ಸುತ್ತುವುದನ್ನು ನಿಲ್ಲಿಸದೆ.

ಲೈಬ್ರರಿಯ ನೆಲ, ತೊಳೆದ ನೀರು ಹರಿದುಹೋಗಲೆಂದು, ಬಾಗಿಲ ಕಡೆಗೆ ಇಳಿಜಾರು. ಅದಕ್ಕೇ ಹಳೇ ಕಾಲದ ಬಡಗಿ ಮುಂದಿನ ಕಾಲುಗಳಿಗೆ ದಪ್ಪ ಬೆಣೆ ಕೊಟ್ಟು ಕಪಾಟುಗಳನ್ನು ಗೋಡೆಗೆ ಒರಗಿಸಿದ್ದ. ಒಂದು ರಜೆಯಲ್ಲಿ ಸುಣ್ಣ ಬಳಿಯಲು ಅವನ್ನೆಲ್ಲ ಈಚೆಗೆಳೆದರು. ಮತ್ತೆ ನಿಲ್ಲಿಸುವ ಕೆಲಸ ಇವರಿಗೆ ಬಂತು. ಆಗಿನ್ನೂ ಬಿಸಿರಕ್ತ, ಕೈಚಳಕದ ಹೆಮ್ಮೆ. ವಾಲಿದ ಕಪಾಟು ಕಣ್ಣಿಗೆ ಚುಚ್ಚಿತು. ಬೆಣೆಗಳನ್ನು ಕೆತ್ತಿ ತೆಳ್ಳಗೆ ಮಾಡಿ, ಗುಂಡು ಇಳಿಬಿಟ್ಟು, ದಾರಕ್ಕೂ ಮರಕ್ಕೂ ಕೂದಲು ತೂರದ ಹಾಗೆ ನಿಲ್ಲಿಸಿದರು. ಎಲ್ಲರೂ ಬೆನ್ನು ತಟ್ಟಿದರು.

"ನನ್ನ ಮಗಳು ಇದೇ ಶಾಲೇಲಿ ಓದ್ತಿದ್ಲು. ಗಂಟೆ ಹೊಡೆದ ಮೇಲೆ ನನ್ನ ಕೆಲಸ ಮುಗಿಯೋವರೆಗೂ ಲೈಬ್ರರೀಲಿ ಕೂತಿರೋಳು. ಮೇಲಿನ ಸಾಲಲ್ಲಿ ತಿಮಿಂಗಿಲದ ಚಿತ್ರ ಇರೋ ಪುಸ್ತಕ ಇತ್ತು. ಕಪಾಟಿನ ಅಡ್ಡಹಲಗೆ ಮೇಲೆ ಕಾಲಿಟ್ಟು ಹತ್ತಿದ್ದಾಳೆ. ನಾನು ಪಕ್ಕದ ಕೋಣೇಲಿ ಟೀ ಕುಡೀತಿದ್ದೆ. ಧಡಾರ್ ಅಂತು. ಹುಡುಗರು ಬೆಂಚು ಕೆಡವಿದ್ರು ಅಂದ್ಕೊಂಡು, 'ಯಾರೋ ಅದು, ಕೈಕಾಲು ಸುಮ್ನಿರಲ್ವಾ?' ಅಂತ ಕೂತಲ್ಲಿಂದಲೇ ಗದರಿದೆ. ಟೀ ಮುಗಿಸಿ ಎದ್ದೆ."

ಕೊನೆಯ ಉಳಿಯನ್ನೂ ಸುತ್ತಿ ಚೀಲಕ್ಕೆ ಹಾಕಿದರು.

"ಅವಳಮ್ಮ ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಇವತ್ತಿಗೂ ನಾನು ನೀರು ಕೊಟ್ರೆ ಲೋಟ ಕೆಳಗಿಡೋವರೆಗೆ ಕಾಯ್ತಾಳೆ, ಆಮೇಲೆ ಎತ್ಕೊಳ್ತಾಳೆ."

ನಾನು ನೇರವಾಗಿ ದೊಡ್ಡ ಟೀಚರ್ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಪಾಪ, ನನಗೆ ಗೊತ್ತಿರ್ಲಿಲ್ಲ. ಆದ್ರೆ ಈಗ ಅರ್ಧಕ್ಕೆ ಇಳಿಸಿದ್ದೀವಲ್ಲಮ್ಮ, ಇನ್ನೆಲ್ಲಿ ಬೀಳುತ್ತೆ? ಬೆರಳು ಜಜ್ಜೋದು ದಿನಾ ಆಗುತ್ತೆ. ನಿನ್ನೆ ಬಂದು ಜಗಳ ಆಡಿದ್ದು ನೀವೇ."

ಹೌದು, ನಾನೇ. ಮಗಳ ಬೆರಳು ನೋಡಿ ಬಾಯಿಗೆ ಬಂದಂತೆ ಕೂಗಾಡಿದ್ದೆ. ಎದ್ದು ಬಂದೆ.

ಸೊಟ್ಟಪ್ಪ ಗೇಟಿನ ಬಳಿ ಚೀಲ ಹೆಗಲಿಗೇರಿಸಿ ನಿಂತಿದ್ದರು. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಯಿತು.

"ಅರ್ಧಕ್ಕೆ ಇಳಿಸಿದ್ದೀವಿ ಅಂದ್ರಾ?"

"ಹೂಂ."

"ಎತ್ತರದ್ದು ಕಂಡ್ರೆ ಕೆಲವರಾದ್ರೂ ಹೆದರ್ತಾರೆ. ಗಿಡ್ಡದ್ದನ್ನ ಎಲ್ಲರೂ ಹತ್ತುತಾರೆ." ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡರು. "ನಿನ್ನಿಂದ ಒಂದು ಉಪಕಾರ ಆಗ್ಬೇಕು ಮಗಳೇ. ಹೊಸಬ ನೆಟ್ಟಗೆ ಮಾಡಿ ಹೋದ ಮೇಲೆ ಪುಸ್ತಕ ಜೋಡಿಸೋಳು ನೀನೇ ತಾನೆ? ಖಾಲಿ ಇದ್ದಾಗ ನೋಡ್ಬೇಡ, ಖಾಲಿ ಇದ್ರೆ ಎಲ್ಲಾ ನಿಲ್ತವೆ. ಪುಸ್ತಕ ತುಂಬು, ಬಾಗಿಲು ಅಗಲಕ್ಕೆ ತೆಗೆದಿಡು. ಎರಡೂ ಕಡೆ ಹಿಡಿಯೋಕೆ ಇಬ್ಬರನ್ನ ನಿಲ್ಸಿಕೋ. ಆಮೇಲೆ ಮೇಲಂಚು ಹಿಡಿದು ಜೋತು ಬೀಳು. ಒಂದನ್ನೂ ಬಿಡ್ಬೇಡ. ಯಾರು ನಕ್ರೂ ನಗ್ಲಿ. ಮಕ್ಕಳು ಒಳಗೆ ಬರೋಕೆ ಮುಂಚೆ ಮಾಡು, ಆಯ್ತಾ?"