ಮೈದಾನ ಮೇಯಿಸುವ ಕ್ಯಾತಣ್ಣ

ಬೆಳಗಿನ ಐದೂಮುಕ್ಕಾಲು. ಶೆಟ್ಟಿಕೆರೆಯಿಂದ ಎರಡು ಕಿಲೋಮೀಟರ್ ಒಳಗೆ ಒಂದು ಫುಟ್‌ಬಾಲ್ ಮೈದಾನ. ಮೂರು ಕಡೆ ತೆಂಗಿನ ತೋಟ, ಒಂದು ಕಡೆ ಬಸ್ಸಿನ ರಸ್ತೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗೋಲ್ ಕಂಬದ ಪಕ್ಕದಿಂದ ಅರವತ್ತನಾಲ್ಕು ಕುರಿಗಳು ಒಳಗೆ ಬರುತ್ತಿವೆ. ಹಿಂದೆ ಕಂಬಳಿ ಹೊದ್ದ ಒಬ್ಬರು. ಕೈಯಲ್ಲಿ ಕೋಲಿದೆ, ಆದರೆ ಅದು ಯಾವ ಕುರಿಗೂ ತಾಗುವುದಿಲ್ಲ. ನಾಲಗೆಯಿಂದ ಒಂದು ಸದ್ದು ಮಾಡುತ್ತಾರೆ, ಅಷ್ಟೇ. ಕುರಿಗಳು ಅಡ್ಡಸಾಲಾಗಿ ಹರಡಿಕೊಂಡು ತಲೆ ತಗ್ಗಿಸುತ್ತವೆ. ಆಮೇಲೆ ಕೇಳುವುದು ಹುಲ್ಲು ಹರಿಯುವ ಸದ್ದು ಮಾತ್ರ.

ಇವರು ಕ್ಯಾತಣ್ಣ. ವಯಸ್ಸು ಐವತ್ತೊಂಬತ್ತು. ಚಿಕ್ಕನಾಯಕನಹಳ್ಳಿ ಕಡೆಯ ಒಂದು ಹಟ್ಟಿಯ ಕುರಿಗಾರ. ಗೆಳೆಯರ ಫುಟ್‌ಬಾಲ್ ಬಳಗದ ಈ ಮೈದಾನದ ಹುಲ್ಲನ್ನು ಇಪ್ಪತ್ತೆಂಟು ವರ್ಷದಿಂದ ಸಮ ಮಾಡುತ್ತಿರುವುದು ಇವರ ಕುರಿಗಳೇ. ಇಲ್ಲಿ ಹುಲ್ಲು ಕತ್ತರಿಸುವ ಯಂತ್ರವಿಲ್ಲ. ಇದನ್ನು ಕೇಳಿ ನಗು ಬಂದವರು ಒಂದು ಸಲ ಬಂದು ಬರಿಗಾಲಲ್ಲಿ ಈ ಮೈದಾನದ ಮೇಲೆ ನಡೆಯಲಿ, ಆಮೇಲೆ ನಗಲಿ.

ಕುರಿ ಮೇಯುತ್ತದೆ ಸರಿ, ಆದರೆ ಇಷ್ಟು ಸಮವಾಗಿ ಹೇಗೆ? ಕೇಳಿದರೆ ಕ್ಯಾತಣ್ಣ ಇಷ್ಟು ದಿನ ಯಾರೂ ಇದನ್ನು ಕೇಳಲೇ ಇಲ್ಲವಲ್ಲ ಎನ್ನುವಂತೆ ನೋಡುತ್ತಾರೆ. "ಹೊಟ್ಟೆ ಹಸ್ದಿರೋ ಕುರಿ ಆರ್ಸಲ್ಲ ಕಣ್ರೀ. ಮುಂದೆ ಸಿಕ್ಕಿದ್ದ ಮೇಯ್ಕಂಡು ಹೋಯ್ತದೆ. ಹೊಟ್ಟೆ ತುಂಬಿದ್ದು ಬೀಗ್ರಂಗೆ, ಅದ್ ಬ್ಯಾಡ ಇದ್ ಬ್ಯಾಡ ಅಂತದೆ. ಎಳೇದು ತಿಂದು ಬಲ್ತಿದ್ದು ಬುಟ್ಬುಡ್ತದೆ. ಅದ್ಕೇ ರೊಪ್ಪದಿಂದ ನೆಟ್ಟಗೆ ಇಲ್ಲಿಗೇ ಹೊಡ್ಕಬರೋದು. ದಾರೀಲಿ ಬಾಯಿ ಹಾಕಕ್ಕೆ ಬುಡಲ್ಲ."

ಲೆಕ್ಕಾಚಾರ ಇನ್ನೂ ಇದೆ. ರಾತ್ರಿ ಮಳೆ ಬಂದಿದ್ದರೆ ಮಾರನೆಯ ದಿನ ಕುರಿ ಬರುವುದಿಲ್ಲ, ಗೊರಸು ಇಳಿದು ನೆಲ ಗುಳಿ ಬೀಳುತ್ತದೆ. ಬೇಸಿಗೆಯಲ್ಲಿ ವಾರಕ್ಕೆರಡು ದಿನ, ಮಳೆಗಾಲದಲ್ಲಿ ದಿನ ಬಿಟ್ಟು ದಿನ. ಮುಕ್ಕಾಲು ಗಂಟೆಗಿಂತ ಹೆಚ್ಚು ನಿಲ್ಲಿಸಿದರೆ ಬೇರಿಗೆ ಬಾಯಿ ಹಾಕುತ್ತವೆ. ಇನ್ನು ಮೇಕೆಗೆ ಪ್ರವೇಶವೇ ಇಲ್ಲ. ಇಲ್ಲಿನ ಗೋಲಿನ ಬಲೆ ತೆಂಗಿನ ನಾರಿನ ಹುರಿಯಲ್ಲಿ ಹೆಣೆದದ್ದು. ಒಂದು ಸಲ ಪಂದ್ಯದ ಬೆಳಿಗ್ಗೆ ಮೇಕೆಯೊಂದು ಬಲೆಯ ಮೂಲೆ ತಿಂದು ಹಾಕಿತ್ತು. "ಮಧ್ಯಾಹ್ನ ಚೆಂಡು ಆ ತೂತಲ್ಲಿ ಆಚೆಗೋಯ್ತು. ಗೋಲಾಯ್ತು ಅಂತ ಇವ್ರು, ಹೊರಗಡೆಯಿಂದ ಹೋಯ್ತು ಅಂತ ಅವ್ರು. ಅರ್ಧ ಗಂಟೆ ಕಿತ್ತಾಡಿದ್ರು. ನಾನು ಮೇಕೆ ಹಿಡ್ಕಂಡು ತೋಟದೊಳಗೆ ಕೂತಿದ್ದೆ."

ಆರೂವರೆಯ ಹೊತ್ತಿಗೆ ಕುರಿಗಳು ಆಚೆ. ಕ್ಯಾತಣ್ಣ ಮತ್ತು ಅವರ ಹೆಂಡತಿ ಕೆಂಚಕ್ಕ ಕಡ್ಡಿಪೊರಕೆ ಹಿಡಿದು ಆ ತುದಿಯಿಂದ ಈ ತುದಿಗೆ ಹಿಕ್ಕೆ ಗುಡಿಸುತ್ತಾರೆ. ನಾಲ್ಕು ಮಂಕರಿ ತುಂಬುತ್ತದೆ. ಅದು ಮೈದಾನದ ಸುತ್ತಲಿನ ತೆಂಗಿನ ಬುಡಕ್ಕೆ. ಕೆಂಚಕ್ಕ ಒಂಬತ್ತಕ್ಕೆ ಬಸ್ಸು ಹತ್ತಿ ತಿಪಟೂರಿನ ಕೊಬ್ಬರಿ ಗೋದಾಮಿಗೆ ಕೆಲಸಕ್ಕೆ ಹೋಗಬೇಕು. "ಮದ್ವೆಯಾಗಿ ಮೂವತ್ತೈದು ವರ್ಷ, ಮನೆ ಅಂಗ್ಳ ಒಂದಿನ ಗುಡ್ಸಿದ್ದು ಕಾಣೆ. ಇಲ್ಲಿ ನೋಡಿ, ಮದುವಣಗಿತ್ತಿ ಬತ್ತಾಳೇನೋ ಅನ್ನಂಗೆ ಗುಡಿಸ್ತಾರೆ" ಎನ್ನುತ್ತಾರೆ. ಗಂಡನಿಗೆ ಕೇಳಿಸುತ್ತದೆ. ಕೇಳಿಸದ ಹಾಗೆ ಗುಡಿಸುತ್ತಾರೆ.

ಇದೆಲ್ಲ ಶುರುವಾದದ್ದು ಒಂದು ಮಳೆಗಾಲದಲ್ಲಿ. ಕುರಿ ಹೊಡೆದುಕೊಂಡು ಈ ದಾರಿಯಲ್ಲಿ ಹೋಗುವಾಗ ಹುಡುಗರು ಕುಡುಗೋಲು ಹಿಡಿದು ಮೊಣಕಾಲುದ್ದ ಹುಲ್ಲು ಕೊಯ್ಯುತ್ತಿದ್ದರಂತೆ. ಮಾರನೆಯ ದಿನ ಪಂದ್ಯ. ಶಾಲೆಯ ಆಗಿನ ಡ್ರಿಲ್ ಮಾಸ್ತರು ಕೈ ಅಡ್ಡ ಮಾಡಿ ನಿಲ್ಲಿಸಿ, ಕುರಿ ಇಲ್ಲೇ ಬಿಡು ಎಂದರು. "ಒಂದಿನಕ್ಕೆ ಅಂತ ಬುಟ್ಟೆ. ಇಪ್ಪತ್ತೆಂಟು ವರ್ಷ ಆಗೋಯ್ತು" ಎನ್ನುತ್ತಾರೆ ಕ್ಯಾತಣ್ಣ. ಚೆಂಡು ಆಡಿದ್ದೀರಾ ಎಂದರೆ, "ಒಂದ್ಸಲ ಒದ್ದೆ. ಚೆಂಡು ಅಲ್ಲೇ ಇತ್ತು, ಚಪ್ಪಲಿ ಗೋಲೊಳಗೆ ಹೋಯ್ತು." ಸಂಬಳವಿಲ್ಲ. ಬೆಳಗಿನ ಹುಲ್ಲು ಕುರಿಗೆ, ಪಂದ್ಯದ ದಿನ ಊಟ ಇವರಿಗೆ, ವರ್ಷಕ್ಕೊಂದು ಜರ್ಸಿ. ಆ ಜರ್ಸಿಯನ್ನು ಕೆಂಚಕ್ಕ ಸೀರೆಯ ಮೇಲೆ ಹಾಕಿಕೊಂಡು ಗೋದಾಮಿಗೆ ಹೋಗುತ್ತಾರೆ.

ಬಳಗವೂ ಇಂಥದ್ದೇ. ಸದಸ್ಯರಾಗಬೇಕಾದರೆ ವರ್ಷಕ್ಕೆ ಮನೆಯಿಂದ ನೂರು ತೆಂಗಿನಕಾಯಿ ಬಳಗಕ್ಕೆ ಕೊಡಬೇಕು. ತೋಟವಿಲ್ಲದವರು ನಾಲ್ಕು ದಿನ ಮೈದಾನದ ಕೆಲಸ ಮಾಡಬೇಕು. ದೊಡ್ಡ ಲೀಗಿನ ತಂಡಗಳಿಗೆ ಮಾಲೀಕರಿರುತ್ತಾರೆ. ಇಲ್ಲಿ ಕಾಯಿ ಕೊಟ್ಟವರೆಲ್ಲ ಸದಸ್ಯರು, ಸೋತಾಗ ಬೈಯುವ ಹಕ್ಕು ಎಲ್ಲರಿಗೂ ಸಮ. ಹುಡುಗರ ಒಂದು ತಂಡ, ಹುಡುಗಿಯರ ಒಂದು ತಂಡ.

ಹೋದ ವರ್ಷ ಈ ಮೈದಾನಕ್ಕೆ ಒಂದು ಕಂಪನಿಯ ಕಾಗದ ಬಂತು. ದೊಡ್ಡ ಲೀಗಿನಲ್ಲಿ ತಂಡ ಇಟ್ಟುಕೊಂಡಿರುವ ಕಂಪನಿ. ಹಳ್ಳಿಗಳಲ್ಲಿ ತರಬೇತಿ ಕೇಂದ್ರ ತೆರೆಯಲು ಒಳ್ಳೆಯ ಹುಲ್ಲಿನ ಮೈದಾನ ಹುಡುಕುತ್ತಿದ್ದರು. ಹುಡುಗಿಯರ ತಂಡದ ನಾಯಕಿ ಯೋಗಿತಾ ಮೊಬೈಲಿನಲ್ಲಿ ತೆಗೆದ ನಾಲ್ಕು ಫೋಟೋ ಕಳಿಸಿದ್ದಕ್ಕೆ ಬಂದ ಉತ್ತರ ಅದು. ಬಂದು ನೋಡುತ್ತೇವೆ ಎಂದಿದ್ದರು.

ಅಲ್ಲಿಗೆ ಬಳಗದ ಅಧ್ಯಕ್ಷ ಶಂಭುಲಿಂಗಯ್ಯನವರ ತಲೆ ಓಡತೊಡಗಿತು. ಅವರು ಕೊಬ್ಬರಿ ವ್ಯಾಪಾರಿ, ಮೂರು ತಲೆಮಾರಿನ ತೋಟದವರು. ತೋಟದವರ ಕಣ್ಣಿಗೆ ಹಸಿರು ಎಷ್ಟು ಎತ್ತರವೋ ಅಷ್ಟು ಚೆಂದ. ದೊಡ್ಡವರು ಬರುವಾಗ ಮೈದಾನ ಹಸಿರಾಗಿ ತುಂಬಿಕೊಂಡಿರಲಿ, ಹಿಕ್ಕೆ ಕಾಣುವುದು ಬೇಡ ಎಂದು ಇಪ್ಪತ್ತೈದು ದಿನ ಕುರಿ ಬರಕೂಡದೆಂದು ಅಪ್ಪಣೆ ಮಾಡಿದರು. ಕ್ಯಾತಣ್ಣ ಬೇಡವೆಂದರು. "ಯಜಮಾನ್ರೇ, ಇದು ತೋಟ ಅಲ್ಲ" ಎಂದರಂತೆ. "ನೀನು ಕುರಿ ನೋಡ್ಕೋ ಹೋಗಪ್ಪ" ಎಂಬ ಉತ್ತರ ಬಂತು. ಅದೂ ಶ್ರಾವಣದ ಮಳೆ. ಹುಲ್ಲು ಮೀನಖಂಡದ ತನಕ ಬಂತು. ಕಂಪನಿಯವರು ಬರುವ ಹಿಂದಿನ ದಿನ ಗಾಬರಿಯಾಗಿ ತೋಟದ ಕಳೆ ಹೊಡೆಯುವ ಯಂತ್ರದವನನ್ನು ಕರೆಸಿದರು. ಅವನು ಕಳೆ ಹೊಡೆದ ಹಾಗೆಯೇ ಹೊಡೆದ. ಒಂದು ಕಡೆ ಮಣ್ಣು, ಒಂದು ಕಡೆ ಪೊದೆ. ಊರ ಕ್ಷೌರಿಕ ಹೀಗೆ ಮಾಡಿದ್ದರೆ ಹೊಡೆತ ತಿನ್ನುತ್ತಿದ್ದ.

ಕಂಪನಿಯ ಅಧಿಕಾರಿ ಚೆಂಡು ಉರುಳಿಸಿ ನೋಡಿದರು. ಎರಡು ಮಾರು ಹೋಗಿ ನಿಂತಿತು. ಫೋಟೋದಲ್ಲಿ ಇದ್ದ ಮೈದಾನ ಎಲ್ಲಿ ಎಂದು ಕೇಳಿದರು. ಯೋಗಿತಾ ತೋಟದ ಅಂಚಿನಲ್ಲಿ ನಿಂತಿದ್ದ ಕ್ಯಾತಣ್ಣನನ್ನು ತೋರಿಸಿ, "ಅದು ಅವರ ಹತ್ರ ಇದೆ ಸರ್" ಎಂದಳು.

ಆ ಅಧಿಕಾರಿಯನ್ನು ಮೆಚ್ಚಬೇಕು. ನಕ್ಕರು, ಆದರೆ ನಕ್ಕು ಹೋಗಿಬಿಡಲಿಲ್ಲ. ಕುರಿ ಬಿಡಿ, ತಿಂಗಳು ಬಿಟ್ಟು ಬರುತ್ತೇನೆ ಎಂದರು, ಹೇಳಿದಂತೆ ಬಂದರು. ಅಳತೆಯ ಕಡ್ಡಿ ಇಟ್ಟು ಹನ್ನೊಂದು ಜಾಗದಲ್ಲಿ ಅಳೆದರು. ಎಲ್ಲಾ ಕಡೆ ಒಂದಿಂಚು, ಚೂರು ಹೆಚ್ಚು ಕಡಿಮೆ. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಕ್ಯಾತಣ್ಣನ ಹತ್ತಿರ ಒಂದು ಗಂಟೆ ಮಾತಾಡಿದರು. ಮೈದಾನ ಪಾಸಾಯಿತು.

ಸಿಟ್ಟು ಬರುವುದು ಮುಂದಿನದಕ್ಕೆ. ಹದಿನೈದು ದಿನಕ್ಕೆ ಬಂದ ಕರಾರು ಪತ್ರದಲ್ಲಿ, ಮೈದಾನಕ್ಕೆ ಬೇಲಿ ಹಾಕಬೇಕು, ಪ್ರಾಣಿಗಳು ಒಳಗೆ ಬರಕೂಡದು ಎಂದಿತ್ತು. ಯಾವುದನ್ನು ನೋಡಿ ಪಾಸು ಮಾಡಿದರೋ ಅದನ್ನೇ ಹೊರಗೆ ಹಾಕುವ ಬುದ್ಧಿ. ವಾರದಲ್ಲಿ ಆರು ದಿನ ಕಂಪನಿ ಆರಿಸಿದ ಹುಡುಗರಿಗೆ, ಭಾನುವಾರ ಒಂದು ದಿನ ಬಳಗಕ್ಕೆ. ಹುಡುಗಿಯರ ಮಾತೇ ಇಲ್ಲ. ಬದಲಿಗೆ ದೀಪದ ಕಂಬಗಳು, ಓದಿ ಬಂದ ಕೋಚು, ಹೊಸ ಚೆಂಡುಗಳು.

ಇವು ಸುಳ್ಳು ಆಸೆಗಳಲ್ಲ. ಶಂಭುಲಿಂಗಯ್ಯನವರು ಹೇಳುವುದರಲ್ಲೂ ನ್ಯಾಯವಿದೆ. "ನಲವತ್ತು ವರ್ಷದಿಂದ ಆಡ್ತಿದ್ದೀವಿ. ನಮ್ಮಲ್ಲಿ ಒಬ್ಬನಾದ್ರೂ ಟೀವೀಲಿ ಬಂದ್ನೇನ್ರೀ? ಕಾಲು ಉಳುಕಿದ್ರೆ ಅರಿಶಿನ ಹಚ್ತೀವಿ. ಕೋಚ್ ಅಂದ್ರೆ ಆಡಿ ಸೋತು ವಯಸ್ಸಾದೋರು. ಹಿಂಗೇ ಇರೋಣ್ವಾ?"

ಸಭೆ ಮೈದಾನದಲ್ಲೇ ನಡೆಯಿತು. ಬಳಗದ ಪದ್ಧತಿಯಲ್ಲಿ ಕೈ ಎತ್ತುವುದಿಲ್ಲ, ಚೀಟಿ ಹಾಕುವುದಿಲ್ಲ. ಬೇಕು ಎನ್ನುವವರು ರಸ್ತೆ ಕಡೆಯ ಗೋಲಿಗೆ, ಬೇಡ ಎನ್ನುವವರು ತೋಟದ ಕಡೆಯ ಗೋಲಿಗೆ ನಡೆದು ಹೋಗಿ ನಿಲ್ಲಬೇಕು. ನೂರು ಹೆಜ್ಜೆ ನಡೆಯುವಷ್ಟರಲ್ಲಿ ಮನಸ್ಸು ಬದಲಾದರೆ ತಿರುಗಬಹುದು. ಕ್ಯಾತಣ್ಣ ಬೇರೆ ಹಟ್ಟಿಯವರಾದ್ದರಿಂದ ಸದಸ್ಯರಲ್ಲ, ಗೆರೆಯಾಚೆ ನಿಂತಿದ್ದರು. ಎಲ್ಲರೂ ಏಳುವ ಮುಂಚೆ ಅವರೇ ಬಾಯಿ ಬಿಟ್ಟರು. "ನನ್ ಕುರಿ ನೋಡ್ಕಂಡು ಸುಮ್ಕಿರಬ್ಯಾಡಿ. ಸಹಿ ಹಾಕಿ. ನಾನು ಹುಳಿಯಾರ್ ಕಡೆ ಹೊಡ್ಕಂಡು ಹೋಯ್ತೀನಿ. ನನ್ನಿಂದ ಹುಡುಗ್ರ ಬಾಳು ಕೆಡೋದು ಬ್ಯಾಡ."

ಯೋಗಿತಾ ಎದ್ದು ನಿಂತಳು. "ಅಣ್ಣ, ನೀವು ಹುಳಿಯಾರಿಗೆ ಹೋಗ್ತೀರಾ. ನಾವು ಹದಿನೆಂಟು ಜನ ಹುಡುಗೀರು ಎಲ್ಲಿಗೆ ಹೋಗೋಣ, ಅದನ್ನೂ ಹೇಳ್ಬಿಡಿ." ಆಮೇಲೆ ಎಲ್ಲರೂ ಎದ್ದು ನಡೆದರು.

ರಸ್ತೆ ಕಡೆಯ ಗೋಲಿನಲ್ಲಿ ಇಪ್ಪತ್ತೊಂಬತ್ತು ಜನ. ತೋಟದ ಕಡೆ ನಲವತ್ತೊಂದು. ಶಂಭುಲಿಂಗಯ್ಯನವರು ರಸ್ತೆ ಕಡೆಯೇ ನಿಂತಿದ್ದರು. ಆದರೂ ಮಾರನೆಯ ದಿನ ಅವರೇ ಕೂತು ಕಾಗದ ಬರೆದರು: ಮೂರು ದಿನ ನಿಮಗೆ, ನಾಲ್ಕು ದಿನ ನಮಗೆ, ಹುಡುಗಿಯರಿಗೂ ತರಬೇತಿ, ಬೆಳಿಗ್ಗೆ ಕುರಿ. ಒಪ್ಪಿಗೆಯಿದ್ದರೆ ಬನ್ನಿ. ಕಂಪನಿಯಿಂದ ಎರಡು ಸಾಲಿನ ಉತ್ತರ ಬಂತು. ಬೇರೆ ಊರಿನಲ್ಲಿ ಪ್ಲಾಸ್ಟಿಕ್ ಹುಲ್ಲಿನ ಮೈದಾನ ಸಿಕ್ಕಿದೆ, ನಿಮ್ಮ ಆಸಕ್ತಿಗೆ ಧನ್ಯವಾದ.

ಬಳಗದ ಗೋಲ್‌ಕೀಪರ್ ಬಸವಕುಮಾರ್, ಹತ್ತೊಂಬತ್ತು ವರ್ಷ, ಆ ಪ್ಲಾಸ್ಟಿಕ್ ಹುಲ್ಲಿನ ಕೇಂದ್ರಕ್ಕೆ ಆಯ್ಕೆಯಾಗಿ ಹೋದ. ಅವನು ಹೋಗಲೇಬೇಕಿತ್ತು. ಅವನಿಲ್ಲದೆ ಬಳಗ ತಿಪಟೂರಿನ ಪಂದ್ಯದಲ್ಲಿ ನಾಲ್ಕು ಗೋಲು ತಿಂದಿತು. ಆ ನಾಲ್ಕೂ ಗೋಲು ತನ್ನ ಲೆಕ್ಕಕ್ಕೇ ಎಂಬಂತೆ ಕ್ಯಾತಣ್ಣ ಒಂದು ವಾರ ಸರಿಯಾಗಿ ಉಣ್ಣಲಿಲ್ಲ ಎನ್ನುತ್ತಾರೆ ಕೆಂಚಕ್ಕ. "ಅನ್ನ ಕಲಸ್ಕಂಡು ಕೂತಿರೋರು. ನಾನಂದೆ, ಅರವತ್ನಾಕು ಕುರಿ ಗೋಲ್ ಕಾಯಕ್ಕೆ ಬತ್ತಾವಾ, ಉಣ್ರೀ ಸುಮ್ನೆ."

ನಿಜವಾಗಿ ಏನನ್ನಿಸುತ್ತದೆ? ಉಳಿದದ್ದು ಒಳ್ಳೆಯದಾಯಿತೋ, ಹೋಗಬೇಕಿತ್ತೋ? ಕ್ಯಾತಣ್ಣ ಕಂಬಳಿ ಮಡಚಿ ಹೆಗಲಿಗೆ ಹಾಕಿಕೊಳ್ಳುತ್ತಾರೆ.

"ಹ್ವಾದ ಭಾನ್ವಾರ ಬಸವ ಫೋನ್ ಮಾಡಿದ್ದ. ಚೆನ್ನಾಗವ್ನಂತೆ. ಮೂರು ಹೊತ್ತೂ ಮೊಟ್ಟೆ ಕೊಡ್ತಾರಂತೆ. ಅಲ್ಲಿ ಹುಲ್ಲು ಮಳೆಗಾಲ ಬೇಸಿಗೆ ಒಂದೇ ಎತ್ರ ಇರ್ತದಂತೆ ಕಣ್ರೀ. ಬೆಳೆಯಾಕೇ ಇಲ್ವಂತೆ. ಸುಳ್ಳು ಹೇಳ್ಬ್ಯಾಡ ಕಣ್ಲಾ ಅಂದೆ. ಇಲ್ಲ ಕಣಣ್ಣೋ, ಬೇಕಾದ್ರೆ ಬಂದ್ ನೋಡು ಅಂದ."

ಹೋಗಿ ನೋಡುತ್ತೀರಾ?

"ನೋಡ್ಬೇಕು. ಇಷ್ಟು ವರ್ಷ ಹುಲ್ಲಿನ ಕೆಲ್ಸ ಮಾಡಿ ಅದನ್ನ ಒಂದ್ಸಲ ಕೈಯಲ್ಲಿ ಮುಟ್ಟಿ ನೋಡ್ದೆ ಇದ್ರೆ ಹೆಂಗೆ? ಒಬ್ನೇ ಹೋಯ್ತೀನಿ. ಕುರಿ ಕರ್ಕಂಡು ಹೋದ್ರೆ ಪಾಪ, ಹಸಿರು ಕಂಡು ಬಾಯಿ ಹಾಕ್ತವೆ."