ಗಿರಣಿಯವರ ಮನೆತನ

ಪುಣೆಯಲ್ಲಿ ಬಾಡಿಗೆ ಮನೆ ಹುಡುಕಿದವರಿಗೆಲ್ಲ ಒಂದು ಪ್ರಶ್ನೆ ಗೊತ್ತಿರುತ್ತದೆ. ಬಾಗಿಲು ತೆರೆದವರು ಮೊದಲು ಹೆಸರು ಕೇಳುತ್ತಾರೆ. ಹೇಳಿದರೆ ಅಷ್ಟಕ್ಕೇ ಬಿಡುವುದಿಲ್ಲ, ‘ಆಡನಾವ?’ ಎನ್ನುತ್ತಾರೆ. ಅಡ್ಡಹೆಸರು ಏನು ಎಂದು. ಅಡ್ಡಹೆಸರಿನ ಬೆನ್ನಿಗೇ ಜಾತಿ ಬರುತ್ತದೆಂದು ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ಆದರೂ ಕುಶಲ ವಿಚಾರಿಸುವ ದನಿಯಲ್ಲೇ ಅದನ್ನು ಕೇಳುತ್ತಾರೆ. ಆ ದನಿ ಕಿವಿಗೆ ಬಿದ್ದರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ.

ನನ್ನ ಅಡ್ಡಹೆಸರು ಹೆಡ್‌ಮಾಸ್ತರರು ದಯಪಾಲಿಸಿದ್ದು. ಅಪ್ಪ ಯಾದಗಿರಿ ಕಡೆಯಿಂದ ಕಲ್ಲು ಒಡೆಯಲು ಈ ಊರಿಗೆ ಬಂದವನು. ಪಿಂಪ್ರಿ-ಚಿಂಚವಾಡದ ಮರಾಠಿ ಶಾಲೆಗೆ ನನ್ನನ್ನು ಸೇರಿಸಲು ಹೋದಾಗ ಆಡನಾವ ಕೇಳಿದರಂತೆ. ಅಪ್ಪನಿಗೆ ಅಂಥದ್ದೊಂದು ಇರಲೇ ಇಲ್ಲ. ಹಾಗಾದರೆ ಊರು ಯಾವುದು ಎಂದರು, ಹೇಳಿದ. ಅದರ ಬಾಲಕ್ಕೊಂದು ‘ಕರ’ ಅಂಟಿಸಿ ಬರೆದುಕೊಂಡರು. ಇಂಥ ಊರಿನವರು ಎನ್ನಲು ಮರಾಠಿಯಲ್ಲಿ ಹಾಗೇ ಅಂಟಿಸುತ್ತಾರೆ. ಅದೇ ಧಾಟಿಯ ಹೆಸರುಗಳು ಕೊಂಕಣದ ಎಷ್ಟೋ ಮೇಲ್ಜಾತಿಯ ಮನೆಗಳಲ್ಲೂ ಇವೆ ಎಂಬುದು ನನಗೆ ತಿಳಿದದ್ದು ದೊಡ್ಡವಳಾದ ಮೇಲೆ.

ನಾನು ಜರ್ಮನ್ ಕಲಿತೆ. ಈ ಊರಲ್ಲಿ ಅದೇನೂ ವಿಶೇಷವಲ್ಲ, ಗಲ್ಲಿಗೊಂದು ಕ್ಲಾಸಿದೆ. ಕಾರ್ಖಾನೆಗಳಿಗೆ ಅಲ್ಲಿಂದ ಇಂಜಿನಿಯರುಗಳು ಬಂದಾಗ ನಡುವೆ ನಿಂತು ದುಭಾಷಿಯ ಕೆಲಸ ಮಾಡುತ್ತೇನೆ. ಈ ಕೆಲಸಕ್ಕೊಂದು ರಿವಾಜಿದೆ. ‘ಅವರು ಹೀಗೆ ಹೇಳುತ್ತಿದ್ದಾರೆ’ ಎನ್ನುವಂತಿಲ್ಲ. ಯಾರ ಮಾತನ್ನು ತಿರುಗಿಸುತ್ತೇವೋ ಅವರೇ ಆಗಿ ‘ನಾನು’ ಎಂದೇ ಹೇಳಬೇಕು. ಮ್ಯಾನೇಜರು ಸಿಟ್ಟಾದರೆ ನಾನೇ ಸಿಟ್ಟಾಗಬೇಕು, ಯೂನಿಯನ್ನಿನವನು ಹಟ ಹಿಡಿದರೆ ಆ ಹಟವೂ ನನ್ನದೇ. ದಿನವಿಡೀ ಬೇರೆಯವರ ‘ನಾನು’ ಆಗಿ ಸಂಜೆ ಮನೆಗೆ ಬಂದರೆ ಮಾತಾಡಲೂ ಬೇಸರವಾಗುತ್ತಿತ್ತು.

ಅವ್ವನ ಎರಡೂ ಮೊಣಕಾಲಿಗೆ ಆಪರೇಷನ್ ಆಯಿತು. ಮೆಟ್ಟಿಲು ಹತ್ತಿಸಲೇಬೇಡಿ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ನಾವಿದ್ದದ್ದು ಲಿಫ್ಟಿಲ್ಲದ ಕಟ್ಟಡದ ಮೇಲಿನ ಮಾಳಿಗೆಯಲ್ಲಿ. ನೆಲಮಹಡಿಯ ಮನೆಗಾಗಿ ನಾನು ಅಲೆದ ಅಲೆತ ನನಗೇ ಗೊತ್ತು. ಕೊನೆಗೆ ಕೊಥ್ರೂಡಿನ ಒಂದು ಹಳೆಯ ಬಂಗಲೆಯ ಹಿಂಬದಿಯಲ್ಲಿ ಎರಡು ಖೋಲಿ ಸಿಕ್ಕವು. ಒಡತಿ ವಿಧವೆ, ಒಬ್ಬನೇ ಮಗ ಜರ್ಮನಿಯಲ್ಲಿ ಇಂಜಿನಿಯರು. ಆಡನಾವ ಕೇಳಿದರು, ಹೇಳಿದೆ. ಅವರ ಮುಖ ಅರಳಿತು.

“ಅಂದ್ರ ನಮ್ಮವರೇ. ಮನೀದಾಗ ಕನ್ನಡ ಮಾತಾಡೋ ನಮ್ಮವರು ಭಾಳ ಮಂದಿ ಇದ್ದಾರ, ನನಗ ಗೊತ್ತದ,” ಎಂದರು. ಅವರು ಆಡಿದ್ದು ಮರಾಠಿ. ಅದನ್ನಿಲ್ಲಿ ನಮ್ಮ ಕಡೆಯ ಕನ್ನಡಕ್ಕೆ ತಿರುಗಿಸುತ್ತಿರುವುದು ನಾನು.

ನಾನು ಸುಳ್ಳು ಹೇಳಲಿಲ್ಲ. ಅವರು ಕೇಳಿದ್ದು ಅಡ್ಡಹೆಸರು, ನಾನು ಕೊಟ್ಟದ್ದೂ ಅಡ್ಡಹೆಸರು. ಉಳಿದದ್ದನ್ನು ಅವರೇ ತಮ್ಮ ಮನಸ್ಸಲ್ಲಿ ಕಟ್ಟಿಕೊಂಡರು. ನಾನು ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನತೊಡಗಿದೆ. ಅವರು ಹಬ್ಬಕ್ಕೆ ಪೂರಣಪೋಳಿ ಕಳಿಸುವರು. ಕೊಟ್ಟ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಅವ್ವ ಅದರಲ್ಲಿ ಶೇಂಗಾ ಹಿಂಡಿಯನ್ನೋ ಸಜ್ಜೆಯ ರೊಟ್ಟಿಯನ್ನೋ ಇಟ್ಟು ಕೊಡುವಳು. ಕೋಲು ಹಿಡಿದು ಅಂಗಳದ ಪೇರಲ ಗಿಡದವರೆಗೆ ನಡೆದುಹೋಗಿ ಬರುವುದು ಅವ್ವನಿಗೆ ರೂಢಿಯಾಯಿತು. ಅವಳು ಮತ್ತೆ ನಡೆಯುವುದನ್ನು ನೋಡಲಿಕ್ಕಾಗಿಯೇ ನಾನು ಆ ಮನೆಯನ್ನು ಹಿಡಿದುಕೊಂಡಿದ್ದೆ.

ಅಷ್ಟರಲ್ಲಿ ಕಾಕುವಿನ ಮಗ ಅಲ್ಲಿಯ ಹುಡುಗಿಯನ್ನೇ ಮದುವೆಯಾಗುತ್ತೇನೆಂದ. ಕಾಕು ಕೆಲವು ದಿನ ಊಟ ಬಿಟ್ಟರು. ಒಂದು ಸಂಜೆ ಮಾತ್ರ ನಗುತ್ತ ನಮ್ಮ ಖೋಲಿಗೆ ಬಂದು ಫೋನು ತೋರಿಸಿದರು. ಹುಡುಗಿಯ ಅಡ್ಡಹೆಸರನ್ನು ಅದರಲ್ಲಿ ಹುಡುಕಿದ್ದರು. ಆ ಹೆಸರಿನ ಗಣ್ಯರೆಲ್ಲ ಸಾಲುಹಿಡಿದು ಬಂದಿದ್ದರು. ಬಿಳಿ ಕೃತಕ ಕೂದಲಿನ ಸಂಗೀತಗಾರ, ಪದಕ ಪಡೆದ ರಸಾಯನಶಾಸ್ತ್ರಜ್ಞ, ಗಡ್ಡದ ತತ್ವಜ್ಞಾನಿ, ಒಬ್ಬ ಬಿಷಪ್ಪು, ಫುಟ್‌ಬಾಲಿನ ಗೋಲ್‌ಕೀಪರು, ವಿಮಾನ ಹೊಸದಾಗಿದ್ದ ಕಾಲಕ್ಕೇ ಅದನ್ನು ಹಾರಿಸಿದ ಒಬ್ಬ ಹೆಂಗಸು.

“ಕಾಕು, ಆ ಹೆಸರಿನ ಅರ್ಥ ಹಿಟ್ಟಿನ ಗಿರಣಿಯವನು ಅಂತ ಅಷ್ಟೇ. ಅಲ್ಲಿ ಊರಿಗೊಂದು ಗಿರಣಿ ಇತ್ತು, ಊರಿಗೊಂದು ಮನಿ ಆ ಹೆಸರಿಂದು. ಒಬ್ಬರಿಗೊಬ್ಬರು ಏನೂ ಆಗಬೇಕಿಲ್ಲ,” ಎಂದೆ.

“ಅದೆಲ್ಲಾ ಹಿಂದಿನ ಮಾತು, ಮಗಳೇ. ಹೆಸರು ಒಂದೇ ಅಂದಮ್ಯಾಲ ರಕ್ತ ಒಂದೇ ಇರತದ,” ಎಂದರು.

ಫೋಟೋಗಳನ್ನೆಲ್ಲ ಬಣ್ಣದಲ್ಲಿ ಪ್ರಿಂಟು ಹಾಕಿಸಿ, ಪಡಸಾಲೆಯಲ್ಲೊಂದು ಬೋರ್ಡಿಗೆ ಅಂಟಿಸಿ, ಮೇಲೆ ಚೆಂಡು ಹೂವಿನ ಮಾಲೆ ಬಿಟ್ಟರು. ಅದೇ ಹೆಸರಿನವನೊಬ್ಬ ಆ ದೇಶದ ಕರಾಳ ಕಾಲದಲ್ಲಿ ಜನರನ್ನು ಸಾಯಿಸಿದ ಅಧಿಕಾರಿ. ಅವನ ಫೋಟೋವೂ ಪ್ರಿಂಟಾಗಿ ಬಂದಿತ್ತು. ಅವನು ಯಾರೆಂದು ನಾನು ಹೇಳಿದ್ದೇ ತಡ, “ಇಂವ ಬ್ಯಾಡ,” ಎಂದು ಮಡಚಿ ಕಸದ ಬುಟ್ಟಿಗೆ ಹಾಕಿದರು. ಬೇಕಾದಾಗ ರಕ್ತ ಒಂದೇ, ಬೇಡವಾದಾಗ ಬುಟ್ಟಿ. ನನಗೆ ನಗು ಬಂತು, ಆಗಿನ್ನೂ ನಗುವಷ್ಟು ನೆಮ್ಮದಿಯಿತ್ತು.

ಹುಡುಗಿ ಮತ್ತು ಅವಳ ತಾಯಿ ಬಂದು ಬಂಗಲೆಯ ಮೇಲಿನ ಕೋಣೆಗಳಲ್ಲಿ ಇಳಿದುಕೊಂಡರು. ಸಾಖರಪುಡಾ, ಅಂದರೆ ನಮ್ಮ ಕಡೆಯ ನಿಶ್ಚಿತಾರ್ಥ, ಪಡಸಾಲೆಯಲ್ಲೇ ಆಯಿತು. ದೂರದ ನೆಂಟರು, ನೆರೆಹೊರೆಯವರು ತುಂಬಿದ್ದರು. ಅವ್ವನನ್ನೂ ಕರೆದು ಮುಂದಿನ ಕುರ್ಚಿಯಲ್ಲಿ ಕೂರಿಸಿ ಕೈಗೆ ಅತ್ತರು ಸವರಿದರು. ನಾನು ಇಬ್ಬರು ಬೀಗಿತ್ತಿಯರ ನಡುವೆ ಕೂತೆ. ಮಗನಿಗೆ ಜರ್ಮನ್ ನೀರು ಕುಡಿದಷ್ಟು ಸಲೀಸು, ಆದರೆ ಮದುಮಗ ದುಭಾಷಿಯಾಗುವುದು ಚೆಂದವಲ್ಲ ಎಂದು ಕಾಕು ನನ್ನನ್ನು ಕೂರಿಸಿದ್ದರು.

“ನನ್ನ ಗಂಡ ಒಬ್ಬರೇ ಮಗ, ನಾನೂ ನಮ್ಮಪ್ಪಗ ಒಬ್ಬಾಕಿನೇ, ಇಂವನೂ ಒಬ್ಬನೇ. ಈ ಬಂಗಲೆಗೆ ಬ್ಯಾರೆ ಹಕ್ಕುದಾರರು ಯಾರೂ ಇಲ್ಲ. ಹುಡುಗಿಗೂ ತಿಳೀಲಿ, ಛಂದಾಗಿ ಹೇಳು,” ಎಂದರು ಕಾಕು. ಛಂದಾಗಿಯೇ ಹೇಳಿದೆ. ಹುಡುಗಿ ತಲೆಯಾಡಿಸಿದಳು.

ಆಮೇಲೆ ಹುಡುಗಿಯ ತಾಯಿ ಬೋರ್ಡಿನ ಹತ್ತಿರ ಹೋಗಿ ಬಗ್ಗಿ ನೋಡಿ, ಇವರೆಲ್ಲ ಯಾರು ಎಂದರು. ನೆರೆಮನೆಯ ನಿವೃತ್ತ ಪ್ರೊಫೆಸರೊಬ್ಬರು, ಆ ಮನೆಯಲ್ಲಿ ಎಲ್ಲದಕ್ಕೂ ಅವರದೇ ಕೊನೆಯ ಮಾತು, ಶ್ರೀಖಂಡದ ಬಟ್ಟಲು ಹಿಡಿದು ಎದ್ದುಬಂದು, “ಆ ಸಂಗೀತಗಾರರು ಇವರಿಗೆ ಎಷ್ಟನೇ ತಲೆಮಾರು, ಕೇಳ್ರಿ,” ಎಂದರು. ಕೇಳಿದೆ. ಆಕೆ ಗಟ್ಟಿಯಾಗಿ ನಕ್ಕು ಉತ್ತರ ಕೊಟ್ಟರು. ನಾನು ಬಾಯಿ ತೆರೆಯುವ ಮೊದಲೇ ಕಾಕು ನನ್ನ ಮೊಣಕೈ ಹಿಂಡಿ, “ಬರೇ ಸಂಗೀತದ್ದು ಹೇಳು, ಉಳಿದದ್ದು ಬಿಡು,” ಎಂದರು. ಆಕೆ ನಕ್ಕ ಬಗೆಯಲ್ಲೇ ಕಾಕುವಿಗೆ ಏನೋ ವಾಸನೆ ಬಡಿದಿತ್ತು. ಮಗ ಫೋನಿನಲ್ಲಿ ಮುಖ ಹುದುಗಿಸಿದ.

ನನಗೆ ಅದು ಆಗುವುದಿಲ್ಲ. ನನ್ನ ಬಾಯಲ್ಲಿ ಬೇರೆಯವರ ಮಾತು ಕೆಡಬಾರದು, ನಾನು ಅನ್ನ ತಿನ್ನುವುದೇ ಅದರಿಂದ. ಹೇಳಿದೆ: “ಇವರ್ಯಾರೂ ನನಗೆ ಸಂಬಂಧಿಗಳಲ್ಲ. ಅರ್ಧ ಜರ್ಮನಿಗೆ ಇದೇ ಹೆಸರು. ನನ್ನ ಗಂಡ ಮನೆಗಳಿಗೆ ಹೆಂಚು ಹೊದಿಸುತ್ತಿದ್ದ. ನನ್ನಪ್ಪ ಕಟುಕ, ಚಳಿಗಾಲದಲ್ಲಿ ಅಂಗಳದಲ್ಲೇ ಹಂದಿ ಕಡಿಯುತ್ತಿದ್ದ. ನಾನು ವೃದ್ಧಾಶ್ರಮದಲ್ಲಿ ಮುದುಕರ ಮೈ ತೊಳೆಯುತ್ತೇನೆ.”

ಪಡಸಾಲೆಯಲ್ಲಿದ್ದವರ ಮುಖ ಬಿಳಿಚಿದವು. ಕಾಕುವಿನ ಬೆರಳು ನನ್ನ ಕೈಯಿಂದ ಸಡಿಲಿತು. ಆಗ ಪ್ರೊಫೆಸರು ಗಂಟಲು ಸರಿಮಾಡಿಕೊಂಡರು.

“ನೋಡ್ರಿ, ಕಟುಕನ ಮಗಳು ಅಂತ ಎಷ್ಟು ಸರಳ ಹೇಳಿದರು. ಅವರ ದೇಶದಾಗ ಯಾವ ಕೆಲಸಾನೂ ಸಣ್ಣದಲ್ಲ. ಅದಕ್ಕ ಅವರು ಮುಂದ ಹೋಗ್ಯಾರ. ನಾವು ಕಲೀಬೇಕಾದ್ದು ಇದನ್ನ.”

ಯಾರೋ ಚಪ್ಪಾಳೆ ತಟ್ಟಿದರು. ಎಲ್ಲರ ಮುಖಕ್ಕೂ ರಕ್ತ ಮರಳಿತು. ಎಷ್ಟು ನಿಗರ್ವಿ ಮಂದಿ ಎಂದು ಕಾಕು ಕೂಡ ಕಣ್ಣೊರೆಸಿಕೊಂಡರು. ಮನೆಯೊಳಗೆ ಮೊಟ್ಟೆ ತರಬಾರದೆಂದು ನಮಗೆ ಮೊದಲ ದಿನವೇ ತಾಕೀತು ಮಾಡಿದ್ದ ಹೆಂಗಸು ಹಂದಿ ಕಡಿದವನ ಮಗಳ ಕೈ ಹಿಡಿದುಕೊಂಡು ಕೂತರು. ಆ ಕೈ ಹಿಡಿದದ್ದಕ್ಕೆ ನನ್ನ ತಕರಾರಿಲ್ಲ. ಅದು ದುಡಿದ ಕೈ, ಹಿಡಿಯಬೇಕಾದ ಕೈ. ಆದರೆ ಎಷ್ಟು ಬೇಗ ಆಗಿಹೋಯಿತಲ್ಲ. ಒಂದು ಬಟ್ಟಲು ಶ್ರೀಖಂಡ ಮುಗಿಯುವಷ್ಟರಲ್ಲಿ ಇವರಿಗೆ ಎಲ್ಲ ಕೆಲಸವೂ ಸಮವಾಗಿತ್ತು. ಪ್ರೊಫೆಸರರ ಆ ಭಾಷಣವನ್ನು ಜರ್ಮನ್‌ಗೆ ತಿರುಗಿಸಿದವಳೂ ನಾನೇ. ‘ಯಾವ ಕೆಲಸವೂ ಸಣ್ಣದಲ್ಲ’ ಎಂದು ನಾನು ನನ್ನದೇ ಬಾಯಿಂದ ಹೇಳಿದೆ.

ಹುಡುಗಿಯ ತಾಯಿ ನನ್ನ ಕಡೆ ತಿರುಗಿದರು. “ಬೆಳಗಿನಿಂದ ನಮ್ಮೆಲ್ಲರ ಮಾತನ್ನು ನೀನೇ ಆಡಿದ್ದೀಯ. ನಿನ್ನ ಹೆಸರಿನ ಅರ್ಥವೇನು? ನಿನ್ನ ತಂದೆ ಏನು ಮಾಡುತ್ತಿದ್ದರು?”

“ಏನ ಕೇಳಿದರು?” ಎಂದರು ಪ್ರೊಫೆಸರು.

ಊರ ಹೆಸರು ಎಂದಷ್ಟೇ ಹೇಳಿ ಮುಗಿಸಬಹುದಿತ್ತು. ಅವ್ವ ಎದುರಿಗೇ ಕೂತಿದ್ದಳು, ಕೋಲನ್ನು ಕುರ್ಚಿಗೆ ಆನಿಸಿ, ಹೊಸ ಇಳಕಲ್ ಸೀರೆಯಲ್ಲಿ. ನೆಲಮಹಡಿಯ ಖೋಲಿ, ಪೇರಲ ಗಿಡ, ಅವಳ ಮೊಣಕಾಲು ಎಲ್ಲ ಕಣ್ಣಮುಂದೆ ಬಂತು. ಆದರೆ ಅವರೇ ಆಗಷ್ಟೇ ಚಪ್ಪಾಳೆ ತಟ್ಟಿದ್ದರಲ್ಲ. ಆ ಚಪ್ಪಾಳೆ ಎಲ್ಲಿಯವರೆಗೆ ಬರುತ್ತದೆ ನೋಡಿಯೇಬಿಡೋಣ ಎಂಬ ಸಿಟ್ಟು ನನ್ನನ್ನು ಮುಂದೆ ನೂಕಿತು.

ಮೊದಲು ಜರ್ಮನ್‌ನಲ್ಲಿ, ಆಮೇಲೆ ಮರಾಠಿಯಲ್ಲಿ, ಒಂದಕ್ಷರ ಹೆಚ್ಚುಕಡಿಮೆ ಮಾಡದೆ ಹೇಳಿದೆ: “ಇದು ನಮ್ಮ ಊರ ಹೆಸರು. ಶಾಲೆಯಲ್ಲಿ ಕೊಟ್ಟರು. ನಾವು ಕಲ್ಲು ಒಡೆಯುವ ಜಾತಿಯವರು. ನನ್ನಪ್ಪ ಈ ಊರಲ್ಲಿ ಕಲ್ಲು ಒಡೆದ. ಅದರ ಧೂಳು ಎದೆಯಲ್ಲಿ ಕೂತು ಸತ್ತ. ನನ್ನವ್ವ ಆ ಕಲ್ಲು ಹೊತ್ತಳು.”

ಆಮೇಲೆ ಕಾದೆ. ನಿಜವಾಗಿ ಕಾದೆ. ಯಾವ ಕೆಲಸವೂ ಸಣ್ಣದಲ್ಲ ಎಂದು ಯಾರಾದರೂ ಗೊಣಗಲಿ ಎಂದು. ಪ್ರೊಫೆಸರು ಬಟ್ಟಲಿನ ತಳ ಕೆರೆಯುತ್ತಿದ್ದರು. ಅವ್ವನ ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗು ಎಳೆದುಕೊಂಡು ಒಂದಿಷ್ಟು ಸರಿದಳು. ಜರ್ಮನ್ ತಾಯಿಯೊಬ್ಬರೇ ಅವ್ವನ ಬಳಿ ಹೋಗಿ ಅವಳ ಅಂಗೈಯನ್ನು ತಮ್ಮ ಅಂಗೈಯಲ್ಲಿಟ್ಟುಕೊಂಡು ನೋಡಿದರು.

“ಯಾಕವ್ವ, ಎಲ್ಲಾರೂ ಸುಮ್ಮನಾದ್ರು?” ಎಂದಳು ಅವ್ವ ನನಗೆ. ಅವಳಿಗೆ ಮರಾಠಿ ಸಂತೆಯ ಲೆಕ್ಕಕ್ಕಷ್ಟೇ ಬರುತ್ತಿತ್ತು.

“ಊಟ ಆತಲ್ಲ, ಅದಕ್ಕ,” ಎಂದೆ.

ಮಾರನೆಯ ಬೆಳಿಗ್ಗೆ ಕಾಕುವಿನ ಮನೆಯಲ್ಲಿದ್ದ ನಮ್ಮ ಡಬ್ಬಿ ಹೊಸ್ತಿಲಾಚೆ ಇತ್ತು, ತೊಳೆದು, ಬರಿದಾಗಿ. ಅವ್ವ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅವಳಿಗೆ ಎಲ್ಲ ತಿಳಿದದ್ದು ಆಗ. ಸ್ವಲ್ಪ ಹೊತ್ತಿಗೆ ಕಾಕು ಬಂದು ಅಂಗಳದಲ್ಲೇ ನಿಂತರು. “ಮೈದುನನ ಮಗ ಬರಾಕತ್ತಾನ. ಅವಗ ಖೋಲಿ ಬೇಕಾಗ್ಯಾವ,” ಎಂದರು. ನನ್ನ ಮುಖ ನೋಡಲಿಲ್ಲ. ಹಸಿ ಸುಳ್ಳು. ಅದು ಸುಳ್ಳೆಂದು ನನಗೆ ಗೊತ್ತಿದೆ ಎಂಬುದೂ ಅವರಿಗೆ ಗೊತ್ತಿತ್ತು. ಆದರೂ ಅಷ್ಟು ಶ್ರಮ ತೆಗೆದುಕೊಂಡು ಇನ್ನೊಂದು ಸುಳ್ಳು ಹುಡುಕುವಷ್ಟು ಮರ್ಯಾದೆಗೂ ನಾವು ಬಾಳಲಿಲ್ಲ. ನಾನು ವಾದ ಮಾಡಹೋದೆ. ಅವ್ವ ಕೋಲಿನಿಂದ ನೆಲ ಕುಟ್ಟಿ, “ಬ್ಯಾಡ. ನಡಿ,” ಎಂದಳು.

ಅವಸರಕ್ಕೆ ಸಿಕ್ಕದ್ದು ಚಿಂಚವಾಡದಲ್ಲಿ ಮೂರನೇ ಮಾಳಿಗೆ. ಅಲ್ಲಿಯೂ ಲಿಫ್ಟಿಲ್ಲ. ಅವ್ವ ಈಗ ಮೆಟ್ಟಿಲ ಮೇಲೆ ಕೂತು, ಕೈಯೂರಿ, ಒಂದೊಂದೇ ಮೆಟ್ಟಿಲು ಹಿಂದಕ್ಕೆ ಸರಿಯುತ್ತ ಹತ್ತುತ್ತಾಳೆ. ಆಸ್ಪತ್ರೆಗೆ ಹೋಗುವುದಿದ್ದರೆ ಮಾತ್ರ ಇಳಿಯುತ್ತಾಳೆ.

ಮನೆ ಬಿಟ್ಟ ದಿನ ಟೆಂಪೋಗೆ ಸಾಮಾನು ಹೇರಿಸುವಾಗ ಆ ತಾಯಿ, ಮಗಳು, ಕಾಕುವಿನ ಮಗ ಗೇಟಿಗೆ ಬಂದರು. ಇದ್ದಕ್ಕಿದ್ದಂತೆ ಯಾಕೆ ಹೋಗುತ್ತಿದ್ದೀರಿ ಎಂದು ಆ ತಾಯಿ ಕೇಳಿದರು. ಕಾಕುವೂ ಹಿಂದೆಯೇ ಓಡಿಬಂದರು.

“ಮೈದುನನ ಮಗ ಬರತಾನ ಅಂತ ಹೇಳು,” ಎಂದರು ನನಗೆ.

“ನಿಮ್ಮ ಮಗಗ ಬರತದಲ್ಲ, ಅವನೇ ಹೇಳಲಿ,” ಎಂದೆ.

ಮಗ ಅವ್ವನ ಕೋಲು ನೋಡಿದ, ನೆಲ ನೋಡಿದ. ನೀರು ಕುಡಿದಷ್ಟು ಸಲೀಸಾಗಿದ್ದ ಜರ್ಮನ್ ಈಗ ತೊದಲಿತು. ಕೊನೆಗೆ ಚಿಕ್ಕಪ್ಪನ ಮಗ ಬರುತ್ತಾನೆ, ಅವನಿಗೆ ಈ ಕೋಣೆಗಳು ಬೇಕು ಎಂದ. ಹುಡುಗಿ ಅವನ ಕಡೆ ತಿರುಗಿ ಒಂದು ಮಾತು ಹೇಳಿದಳು.

“ಏನಂದಳು?” ಎಂದು ಕಾಕು ಕೇಳಿದ್ದು ಮಗನನ್ನು. ಅವನು ಗೇಟಿನ ಕೊಂಡಿ ಹಿಡಿದು ನಿಂತ. ಕಾಕು ನನ್ನ ಕಡೆ ನೋಡಿದರು.

ಇದನ್ನು ಮಾತ್ರ ನಾನು ತಿರುಗಿಸಿದೆ, ರಿವಾಜಿನ ಪ್ರಕಾರ, ಆ ಹುಡುಗಿಯೇ ಆಗಿ: “ನಿನಗೆ ಚಿಕ್ಕಪ್ಪನೇ ಇಲ್ಲ. ನಿನ್ನಮ್ಮ ನನ್ನ ಮುಂದೆಯೇ ಹೇಳಿದರು. ನೀನು ಈಗ ಯಾಕೆ ಸುಳ್ಳು ಹೇಳಿದೆ?”

ಟೆಂಪೋದಲ್ಲಿ ಅವ್ವನ ಪಕ್ಕ ಹತ್ತಿ ಕೂತೆ. ಗಾಡಿ ಗಲ್ಲಿ ದಾಟಿದ ಮೇಲೆ ಅವ್ವ, “ಏನ್ ಅಂದಿ ಮನಿ ಒಡತಿಗಿ? ಅಕಿ ಮಾರಿ ಬೆಳ್ಳಗಾತು,” ಎಂದಳು. ಹೇಳಿದೆ.

“ಪಾಪ,” ಎಂದಳು ಅವ್ವ.

ನನಗೆ ಪಾಪ ಅನಿಸಲಿಲ್ಲ. ಅವ್ವ ಮೆಟ್ಟಿಲ ಮೇಲೆ ಕೂತು ಹಿಂದಕ್ಕೆ ಸರಿಯುವುದನ್ನು ನೋಡಿದಾಗೆಲ್ಲ ಅನಿಸೀತೇ ಎಂದು ನೋಡುತ್ತೇನೆ. ಅನಿಸುವುದಿಲ್ಲ.