ಬಾಗಿಲಿಗೆ ಬಂದ ಕಾರು

ಅವಳ ಹೆಸರು ಆ ರಸ್ತೆಯಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಹೋಗುವ ಏಳು ಮನೆಗೂ ಅವಳು ‘ಅಕ್ಕ’. ಅವಳಿಗಿಂತ ಮೂವತ್ತು ವರ್ಷ ದೊಡ್ಡವರೂ ಅಕ್ಕ ಎನ್ನುತ್ತಿದ್ದರು. ಬೆನ್ನು ಉಜ್ಜಿದವಳು, ಉಗುರು ಕತ್ತರಿಸಿದವಳು, ಹಲ್ಲಿನ ಸೆಟ್ಟನ್ನು ಲೋಟದಿಂದ ತೆಗೆದು ಬಾಯಿಗಿಟ್ಟವಳು ಅವಳೇ ಆದಮೇಲೆ ಇನ್ನೇನೆಂದು ಕರೆದಾರು? ಹಾಸಿಗೆ ಹಿಡಿದವರನ್ನು, ಕೈಕಾಲು ಸ್ವಾಧೀನ ತಪ್ಪಿದವರನ್ನು ಮನೆಗೇ ಹೋಗಿ ಮೀಯಿಸಿ ಬಟ್ಟೆ ತೊಡಿಸುವುದು ಅವಳ ಕೆಲಸ. ಒಂದು ಬೆಳಗಿನಲ್ಲಿ ಅಷ್ಟು ಮನೆ ಮುಗಿಸಲು ಸೈಕಲ್ಲೇ ಗತಿ. ಬಸ್ಸಿಗೆ ಕಾಯುತ್ತ ಕೂತರೆ ಮೂರನೇ ಮನೆಗೇ ಮಧ್ಯಾಹ್ನವಾಗುತ್ತಿತ್ತು, ಉಳಿದವರು ಒದ್ದೆ ಹಾಸಿಗೆಯಲ್ಲೇ ದೇವರೇ ಕಾಪಾಡಪ್ಪಾ ಎಂದು ಬಿದ್ದಿರಬೇಕಿತ್ತು.

ಹಿಂದೊಮ್ಮೆ ಇದೇ ರಸ್ತೆಯಲ್ಲಿ ನಿಂತಿದ್ದ ಕಾರಿನ ಬಾಗಿಲು ದಿಢೀರನೆ ತೆರೆದು ಅವಳನ್ನು ಉರುಳಿಸಿತ್ತು. ಇಳಿದ ಮಹಾಶಯ ಮೊದಲು ನೋಡಿದ್ದು ಬಾಗಿಲಿಗೆ ಗೀರು ಬಿದ್ದಿದೆಯೇ ಎಂದು. ಅಂದಿನಿಂದ ಬಲಭುಜ ಪೂರ್ತಿ ಮೇಲೇಳುವುದಿಲ್ಲ, ಈಗಲೂ ತಲೆ ಬಾಚಿಕೊಳ್ಳುವುದು ಎಡಗೈಯಲ್ಲೇ. ಆಮೇಲೆ ಪಾಲಿಕೆಗೆ ಅದೆಲ್ಲಿಂದ ಬುದ್ಧಿ ಬಂತೋ, ರಸ್ತೆಯಂಚಿಗೆ ಸಿಮೆಂಟಿನ ಗಿಡ್ಡ ಕಟ್ಟೆ ಕಟ್ಟಿ, ರಬ್ಬರ್ ಕಂಬ ನೆಟ್ಟು, ಸೈಕಲ್ಲಿಗೆಂದೇ ಒಂದು ದಾರಿ ಮಾಡಿಕೊಟ್ಟಿತು. ಮೊದಲ ದಿನ ಅದರಲ್ಲಿ ಹೋಗುವಾಗ ಅಕ್ಕನಿಗೆ ಅಳು ಬಂದಿತ್ತು. ಅಷ್ಟು ದಿನ ಜೀವ ಕೈಯಲ್ಲಿ ಹಿಡಿದು ಓಡಾಡುತ್ತಿದ್ದೆ ಎಂಬುದು ಆ ಹೆದರಿಕೆ ಬಿಟ್ಟ ಮೇಲೇ ಅವಳಿಗೆ ಗೊತ್ತಾದದ್ದು.

ಗಂಡ ಮಾತ್ರ ಉರಿದುಬಿದ್ದ. ಅವನು ಸಿಟಿ ಬಸ್ಸಿನ ಡ್ರೈವರ್.

“ಅರ್ಧ ರಸ್ತೆ ನುಂಗಿಬಿಟ್ರಲ್ಲೇ ನಿಮ್ಮೋರು! ತಿರುವಲ್ಲಿ ಬಸ್ ತಿರುಗಿಸೋಕೆ ನಾನೇನು ಸರ್ಕಸ್ ಮಾಡ್ಲಾ?”

“ನಿಮ್ಮೋರು ಅಂದ್ರೆ ಯಾರ್ರೀ?”

“ಸೈಕಲ್ಲೋರು.”

ಮನೆಯೊಳಗೇ ವಿರೋಧ ಪಕ್ಷ! ಆದರೂ ರಾತ್ರಿ ಮಲಗುವ ಮುಂಚೆ ಅವಳ ಸೈಕಲ್ಲಿನ ಟೈರು ಅಮುಕಿ ನೋಡಿ ಗಾಳಿ ತುಂಬುತ್ತಿದ್ದವನು ಅವನೇ.

ಬೆಳಗಿನ ಮೊದಲ ಮನೆ ಚಪ್ಪಲಿ ಅಂಗಡಿಯ ಯಜಮಾನರದು. ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿ ಈಗ ಮಗನ ಕೈಯಲ್ಲಿದೆ. ಯಜಮಾನರ ಎರಡೂ ಕಿಡ್ನಿ ಕೈಕೊಟ್ಟಿದ್ದವು, ದಿನ ಬಿಟ್ಟು ದಿನ ಡಯಾಲಿಸಿಸ್‌ಗೆ ಹೋಗಬೇಕು. ಆಸ್ಪತ್ರೆಯ ಕಾರು ಬಾಗಿಲಲ್ಲಿ ನಿಲ್ಲುವಂತಿರಲಿಲ್ಲ, ಸೈಕಲ್ ದಾರಿಯ ಕಟ್ಟೆ ಅಡ್ಡ. ರಸ್ತೆಯ ಮೂಲೆಯವರೆಗೆ ಗಾಲಿಕುರ್ಚಿ ತಳ್ಳಿಕೊಂಡು ಹೋಗಬೇಕು. ಮಳೆ ಬಂದರಂತೂ ಕೊಡೆ ಒಂದು ಕಡೆ, ಕುರ್ಚಿ ಒಂದು ಕಡೆ, ಯಜಮಾನರ ಮೊಣಕಾಲ ಮೇಲೆ ನೀರು. ತಳ್ಳುವವಳು ಅಕ್ಕನೇ. ಹಾಗಾಗಿ ಸೈಕಲ್ ದಾರಿ ಕಿತ್ತುಹಾಕಬೇಕೆಂದು ಮಗ ಹೋರಾಟಕ್ಕಿಳಿದಾಗ ಅವನು ಸುಳ್ಳು ಹೇಳುತ್ತಿದ್ದಾನೆ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಅತ್ತ ದರಿ, ಇತ್ತ ಪುಲಿ.

“ಅಕ್ಕಾ, ಒಂದು ಸೈನ್ ಹಾಕಿ. ಅಪ್ಪನ ಪಾಡು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?”

“ಕೈ ಒದ್ದೆ ಇದೆಯಪ್ಪಾ,” ಎಂದಳು.

ಕೈ ಒದ್ದೆಯಿದ್ದದ್ದು ನಿಜ. ಮರುದಿನ ಕೇಳಿದಾಗಲೂ ಒದ್ದೆಯೇ ಇತ್ತು. ಮೂರನೇ ದಿನ ಅವನು ಕೇಳುವುದು ಬಿಟ್ಟ.

ಈ ದಾರಿ ಹೋದರೆ ನಾನೂ ಬರಲಾರೆ ಎಂದು ಅವತ್ತೇ ಹೇಳಿಬಿಡಬಹುದಿತ್ತು. ನಾಲಿಗೆ ತುದಿಯವರೆಗೂ ಬಂದಿತ್ತು ಮಾತು. ಆದರೆ ಸೋಪಿನ ನೊರೆಯಲ್ಲಿ ಕೂತ ರೋಗಿಯ ಮುಂದೆ ‘ನಾನು ಬರಲ್ಲ’ ಎಂದರೆ ಅದು ಬೆದರಿಕೆಯಾಗುತ್ತದೆ, ಅಂಥ ಮಾತು ಆಡಬಾರದು ಎಂದು ನುಂಗಿಕೊಂಡಳು. ಪಾಲಿಕೆಯವರು ಸಾರ್ವಜನಿಕ ಸಭೆ ಕರೆದಿದ್ದರು. ಅಲ್ಲಿ ನಾಲ್ಕು ಜನರ ಮುಂದೆ ಹೇಳಿದರೆ ನ್ಯಾಯದ ಮಾತಾಗುತ್ತದೆ ಎಂದು ಮಾತಾಡುವವರ ಸಾಲಿಗೆ ಹೆಸರು ಕೊಟ್ಟಳು. ಪಾಪದ ಹೆಂಗಸು! ಹೇಳಬೇಕಾದವರಿಗೆ ಹೇಳಬೇಕಾದ್ದನ್ನು ಬಿಟ್ಟು ಊರಿಗೆಲ್ಲ ಹೇಳಲು ಹೊರಟಳು.

ಸಭೆಯ ದಿನ ಮಗ ಫೋನ್ ಮಾಡಿದ. “ಅಪ್ಪನ್ನೂ ಕರ್ಕೊಂಡು ಹೋಗೋಣ ಅಕ್ಕ. ನೀವೂ ಹೆಸರು ಕೊಟ್ಟಿದೀರಂತಲ್ಲ, ಒಳ್ಳೇದಾಯ್ತು. ನಾಲ್ಕು ಮಾತು ಆಡಿ.” ಅಪ್ಪನ ಪರವಾಗಿಯೇ ಆಡುತ್ತಾಳೆಂದು ಅವನ ಲೆಕ್ಕ. ಅವಳು ಇಲ್ಲ ಎನ್ನಲೂ ಇಲ್ಲ, ಹೂಂ ಎನ್ನಲೂ ಇಲ್ಲ. ಸಂಜೆ ಹೋಗಿ ಯಜಮಾನರಿಗೆ ಗಡ್ಡ ಕೆರೆದು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಡಿಸಿ, ಇದ್ದ ನಾಲ್ಕು ಕೂದಲನ್ನೇ ಚೆಂದಾಗಿ ಬಾಚಿದಳು. ಯಾರನ್ನೇ ಆಗಲಿ ಹೇಗೆಂದರೆ ಹಾಗೆ ಹೊರಗೆ ಕರೆದುಕೊಂಡು ಹೋಗುವ ಜಾಯಮಾನ ಅವಳದಲ್ಲ.

ಸಭಾಂಗಣದಲ್ಲಿ ಒಂದು ಕಡೆ ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡವರು, ಇನ್ನೊಂದು ಕಡೆ ಅಂಗಡಿಯವರು. ನಡುವೆ ಜಗಳ ಬಿಡಿಸಲು ಬಂದವರಂತೆ ಖಾಲಿ ಕುರ್ಚಿಗಳು. “ಮಕ್ಕಳು ಸತ್ತರೆ ನೀವು ಜವಾಬ್ದಾರಿನಾ?” ಎಂದಿತು ಆ ಕಡೆ. “ಗಿರಾಕಿ ಕಾರು ಎಲ್ಲಿ ನಿಲ್ಲಿಸಬೇಕು, ನಮ್ಮ ತಲೆ ಮೇಲಾ?” ಎಂದಿತು ಈ ಕಡೆ. ಒಬ್ಬ ಹುಡುಗಿ ಯಾವ್ಯಾವುದೋ ದೇಶದ ಅಂಕಿ ಅಂಶ ಓದಿದಳು. ಎತ್ತು ಏರಿಗೆ, ಕೋಣ ನೀರಿಗೆ. ಬೆಳಗಿನಿಂದ ದುಡಿದು ಬಂದ ಅಕ್ಕನಿಗೆ ಕಣ್ಣು ಎಳೆಯುತ್ತಿದ್ದವು.

ಮಗನ ಸರದಿ ಬಂತು. ಅವನು ಭಾಷಣ ಮಾಡಲಿಲ್ಲ. ಅಪ್ಪನ ಕುರ್ಚಿಯನ್ನು ಮುಂದಕ್ಕೆ ತಳ್ಳಿ, “ಇವರು ನಮ್ಮಪ್ಪ. ಮಳೇಲಿ ನೆನ್ಕೊಂಡು ಆಸ್ಪತ್ರೆಗೆ ಹೋಗ್ತಾರೆ. ಕಾರು ಬಾಗಿಲಿಗೆ ಬರಲಿ ಅನ್ನೋದು ದುರಾಸೆನಾ?” ಎಂದಷ್ಟೇ ಕೇಳಿದ. ಇಸ್ತ್ರಿ ಅಂಗಿಯೊಳಗೆ ಪುಟ್ಟದಾಗಿ ಕೂತಿದ್ದ ಮುದುಕರನ್ನು ನೋಡಿ ಇಡೀ ಸಭೆ ತಣ್ಣಗಾಯಿತು. ಹೆಲ್ಮೆಟ್ಟಿನವರೂ ತಲೆ ತಗ್ಗಿಸಿದರು.

ಅಕ್ಕನ ಸರದಿಗೆ ಇನ್ನಿಬ್ಬರಿದ್ದರು. ಅಷ್ಟರಲ್ಲಿ ಯಜಮಾನರು ಅವಳ ಸೆರಗು ಜಗ್ಗಿದರು.

“ಅವಸರ ಆಗ್ತಿದೆ, ಮಗಳೇ.”

ಮಗನನ್ನು ಸುತ್ತಿಕೊಂಡು ಜನ ಬೆನ್ನು ತಟ್ಟುತ್ತಿದ್ದರು. ಅಕ್ಕ ಕುರ್ಚಿ ತಿರುಗಿಸಿದಳು. ಹಜಾರದ ಕೊನೆಯ ಕಿರಿದಾದ ಪಾಯಖಾನೆಯಲ್ಲಿ ಯಜಮಾನರನ್ನು ಎಬ್ಬಿಸಿ ನಿಲ್ಲಿಸಿ, ಎಡಗೈಯಿಂದ ಸೊಂಟ ಬಳಸಿ ಹಿಡಿದು, ನೋಯುವ ಬಲಗೈಯಲ್ಲಿ ಗುಂಡಿ ಬಿಚ್ಚುತ್ತಿರುವಾಗ ಗೋಡೆಯಾಚೆಯಿಂದ ಮೈಕು ಕೂಗಿತು: “ಮನೆ ಆರೈಕೆಯವರು... ಮನೆ ಆರೈಕೆಯವರು ಇದ್ದಾರಾ?”

“ನಿನ್ನನ್ನೇ ಕರೀತಿದ್ದಾರೆ. ಹೋಗು, ನಾನು ಗೋಡೆ ಹಿಡ್ಕೋತೀನಿ,” ಎಂದರು ಯಜಮಾನರು. ಅವರ ಕಾಲು ನಡುಗುತ್ತಿತ್ತು.

“ನೀವು ಗೋಡೆ ಹಿಡ್ಕೋತೀರಿ ಯಜಮಾನ್ರೆ, ಗೋಡೆ ನಿಮ್ಮನ್ನ ಹಿಡ್ಕೊಳ್ಳಲ್ವಲ್ಲ. ನಿಧಾನವಾಗಿ ಮುಗಿಸಿ.”

ಮೈಕು ಇನ್ನೊಂದು ಸಲ ಕೂಗಿ, ಬೇರೆಯವರನ್ನು ಕರೆಯಿತು. ಕೈ ತೊಳೆಸಿ, ಅಂಗಿ ಸರಿಮಾಡಿ ವಾಪಸ್ಸು ಕರೆತರುವಷ್ಟರಲ್ಲಿ ಮಾತಾಡುವವರ ಸಾಲೇ ಮುಗಿದಿತ್ತು. ವೇದಿಕೆಯ ಹತ್ತಿರ ಹೋಗಿ ಕೇಳಿದಳು. “ಕರೆದಾಗ ಇರಬೇಕಿತ್ತಮ್ಮಾ,” ಎಂದರು ಅಧ್ಯಕ್ಷೆ, ಕೋಪವಿಲ್ಲದೆ. ಅವರಿಗೂ ಸುಸ್ತಾಗಿತ್ತು. ಸದಸ್ಯರು ಕೈಯೆತ್ತಿದರು. ದಾರಿ ಕೀಳುವುದೆಂದು ತೀರ್ಮಾನವಾಯಿತು.

ಕಟ್ಟಲು ವರ್ಷ ಹಿಡಿದದ್ದನ್ನು ಒಂದೇ ವಾರದಲ್ಲಿ ಕಿತ್ತರು. ಕಂಬ ಹೋದ ಮರುದಿನವೇ ಆ ಜಾಗದಲ್ಲಿ ಕಾರುಗಳು ಸಾಲಾಗಿ ನಿಂತವು. ಅಕ್ಕ ಹಲ್ಲು ಕಚ್ಚಿಕೊಂಡು ಕೆಲವು ದಿನ ಓಡಿಸಿದಳು. ಒಂದು ಬೆಳಿಗ್ಗೆ ಅವಳ ಮುಂದೆಯೇ ಒಂದು ಬಾಗಿಲು ತೆರೆಯಿತು. ಬ್ರೇಕು ಹಿಡಿದು ಕಾಲೂರಿದಳು, ಬೀಳಲಿಲ್ಲ, ತಾಗಲೂ ಇಲ್ಲ. ಆದರೆ ಮತ್ತೆ ಹತ್ತಲು ಆಗಲಿಲ್ಲ. ಅವತ್ತು ಏಳೂ ಮನೆಗೆ ಸೈಕಲ್ ತಳ್ಳಿಕೊಂಡೇ ನಡೆದಳು. ಕೊನೆಯ ಮನೆಯ ಅಜ್ಜಿ ಕಾದು ಕಾದು ಹಾಸಿಗೆಯಲ್ಲೇ ಎಲ್ಲ ಮಾಡಿಕೊಂಡು ಅಳುತ್ತ ಮಲಗಿದ್ದರು.

ಸಂಜೆ ಗಂಡನಿಗೆ ಹೇಳಿದಳು. ದಾರಿ ಹೋಯಿತೆಂದು ಕುಣಿಯಬೇಕಾದವನು ತಟ್ಟೆ ಪಕ್ಕಕ್ಕೆ ಸರಿಸಿದ.

“ಆ ರಸ್ತೆ ಬಿಟ್ಬಿಡೇ,” ಎಂದ. “ಬಸ್ಸಲ್ಲಿ ಕೂತಾಗ ಪಕ್ಕದ ಸೈಕಲ್ ನನಗೆ ಕಾಣ್ಸಲ್ಲ. ನೀನಾದ್ರೂ ಕಾಣ್ಸಲ್ಲ. ಇನ್ನು ಬೇರೆ ಡ್ರೈವರ್‌ಗಳಿಗೆ ಏನು ಕಾಣುತ್ತೆ?”

ಮರುದಿನವೇ ಅವಳು ತನ್ನನ್ನು ಮನೆಗಳಿಗೆ ಕಳಿಸುತ್ತಿದ್ದ ಆರೈಕೆ ಸಂಸ್ಥೆಯಲ್ಲಿ ಕೇಳಿ ಊರಿನ ಇನ್ನೊಂದು ಭಾಗದ ಮನೆಗಳನ್ನು ಹಾಕಿಸಿಕೊಂಡಳು. ಇಲ್ಲಿಗೆ ಬದಲಿ ಸಿಕ್ಕರೆ ಕಳಿಸುತ್ತೇವೆ ಎಂದರು. ಸಿಕ್ಕರೆ.

ಕೊನೆಯ ದಿನ ಯಜಮಾನರನ್ನು ಮೀಯಿಸಿ ಕೆಳಗೆ ಕರೆತಂದಾಗ ಆಸ್ಪತ್ರೆಯ ಕಾರು ಅಂಗಡಿಯ ಬಾಗಿಲಿಗೇ ಬಂದು ನಿಂತಿತ್ತು. ಮಗನ ಮುಖ ಅರಳಿತ್ತು. “ನೋಡಿ ಅಕ್ಕ, ಎಷ್ಟು ಸುಲಭ ಆಯ್ತು!”

“ನಾಳೆಯಿಂದ ನಾನು ಬರಲ್ಲಪ್ಪ.”

“ಯಾಕಕ್ಕ? ನಮ್ಮಿಂದ ಏನಾದ್ರೂ ತಪ್ಪಾಯ್ತಾ?”

“ಸೈಕಲ್ಲಲ್ಲಿ ಬರೋಕೆ ಭಯ ಆಗುತ್ತೆ.”

ಅವನು ಅವಳನ್ನೇ ನೋಡಿದ. “ನೀವು ಸೈಕಲ್ಲಲ್ಲಿ ಬರ್ತಿದ್ರಾ?”

ನಾಲ್ಕು ವರ್ಷ! ಅವಳು ಸೈಕಲ್ಲನ್ನು ಹಿಂದಿನ ಓಣಿಯಲ್ಲಿಟ್ಟು ಹಿಂಬಾಗಿಲಿಂದ ಮೇಲೆ ಹತ್ತುವ ಹೊತ್ತಿಗೆ ಅವನಿನ್ನೂ ಎದ್ದಿರುತ್ತಿರಲಿಲ್ಲ. ಗಂಡ ಬಸ್ ಡ್ರೈವರ್ ಎಂದು ಕೇಳಿದ್ದ, ಬಸ್ಸಲ್ಲೇ ಬರುತ್ತಾಳೆ ಎಂದುಕೊಂಡಿದ್ದ. ಕೇಳುವ ಪ್ರಮೇಯವೇ ಬಂದಿರಲಿಲ್ಲ.

“ಮೊದಲೇ ಹೇಳಬಾರದಿತ್ತಾ ಅಕ್ಕಾ?” ಎಂದ. ಅವನ ದನಿ ಸಣ್ಣದಾಗಿತ್ತು.

ಅವಳು ಯಜಮಾನರನ್ನು ಎತ್ತಿ ಕಾರಿನಲ್ಲಿ ಕೂರಿಸಿ, ಕಾಲು ಒಂದೊಂದಾಗಿ ಒಳಗಿಟ್ಟಳು. ಬಗ್ಗಿ ಬೆಲ್ಟು ಹಾಕುವಾಗ ಅವರು ಅವಳ ಕಿವಿಯ ಹತ್ತಿರ ಮೆಲ್ಲಗೆ ಹೇಳಿದರು:

“ನನಗೆ ಗೊತ್ತಿತ್ತು, ಮಗಳೇ. ಮೇಲೆ ಕಿಟಕಿಯಿಂದ ದಿನಾ ನೋಡ್ತಿದ್ದೆ. ಅವತ್ತು ಸಭೆಯಲ್ಲಿ ನಾನು ಹೇಳಬಹುದಿತ್ತು, ಹೇಳಲಿಲ್ಲ. ಮಳೇಲಿ ಆ ಮೂಲೆವರೆಗೂ ಹೋಗೋದು ಸಾಕಾಗಿ ಹೋಗಿತ್ತು.”

ಸಿಟ್ಟು ಬರಬೇಕಿತ್ತು. ಅದಕ್ಕೂ ತ್ರಾಣ ಬೇಕಲ್ಲ.

“ನನಗೂ ಸಾಕಾಗಿದೆ, ಯಜಮಾನ್ರೆ,” ಎಂದು ಹೇಳಿ, ಬೆಲ್ಟು ಬಿಗಿಯಾಯಿತೇ ಎಂದು ಒಮ್ಮೆ ಎಳೆದು ನೋಡಿ, ಬಾಗಿಲು ಹಾಕಿದಳು.